‘ದುರ್ಬಲ’ರೆಂಬ ಮಾತು

ಸುಲಭವಾಗಿ ಹಾನಿಗೆ ಗುರಿಯಾಗುವವರನ್ನೆಲ್ಲ ‘ದುರ್ಬಲ’ರೆನ್ನುವ ವಾಡಿಕೆ ಬೇರೂರಿದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 46ನೆಯ ಅನುಚ್ಛೇದವನ್ನು ಕನ್ನಡಿಸುವಾಗಲೂ ‘ದುರ್ಬಲ ವರ್ಗ’ವೆಂದೇ ಬರೆಯುವರು. ಇದು ಶಬ್ದದೋಷ ಮಾತ್ರವಲ್ಲ, ವಿಚಾರದೋಷ.

ದುರ್ಬಲನೆಂದರೆ ಬಲವಿಲ್ಲದವನು. ಶಿರಾ ತಾಲ್ಲೂಕಿನ ಗೌಡಗೆರೆ ಸೀಮೆಯಲ್ಲಿ ಮಳೆಯನ್ನೇ ನಂಬಿ ಕಡಲೇಕಾಯಿ ಬಿತ್ತುವ ರೈತನಿಗೆ ತೋಳ್ಬಲ ಕಡಮೆಯೆ? ಅದೇ ತೋಳು ನಾಲೆಯ ಬಯಲಿನಲ್ಲಿ ದುಡಿದರೆ ಅವನನ್ನು ಯಾರೂ ದುರ್ಬಲನೆನ್ನರು. ಕೊರತೆಯಿರುವುದು ಅವನ ಮೈಯಲ್ಲಲ್ಲ. ಕೈಕೊಟ್ಟ ಮಳೆಯಲ್ಲಿ, ಬತ್ತಿದ ಕೆರೆಯಲ್ಲಿ, ಸಾಲದ ಪತ್ರದಲ್ಲಿ. ಕೊಡಗಟ್ಟಲೆ ನೀರು ಹೊರುವ ಹೆಂಗಸನ್ನು ‘ಅಬಲೆ’ಯೆಂದದ್ದೂ ಇದೇ ತಪ್ಪು.

ನಮ್ಮಲ್ಲಿ ‘ಈಡಾಗು’ ಎಂಬ ತಕ್ಕ ಮಾತಿದೆ. ದುರ್ಬಲನೆಂದೊಡನೆ ಕನಿಕರ ಹುಟ್ಟಿ ವಿಚಾರ ನಿಲ್ಲುತ್ತದೆ. ಹಾನಿಗೆ ಈಡಾದವನೆಂದರೆ ‘ಯಾವ ಹಾನಿಗೆ, ಯಾರಿಂದ?’ ಎಂದು ಕೇಳಲೇಬೇಕಾಗುತ್ತದೆ. ಆ ಪ್ರಶ್ನೆಗೆ ಅಂಜುವವರಿಗೆ ಹಳೆಯ ಶಬ್ದವೇ ಹಿತ.