ಪೆಟ್ಟಿಗೆ ಕೊಳ್ಳುವ ಮೊದಲು

ಜೇನು ಸಾಕಣೆಯ ಮಾತು ಬಂದಾಗಲೆಲ್ಲ ನನ್ನ ಸಹಪಾಠಿಗಳು ಕೇಳುವ ಮೊದಲ ಪ್ರಶ್ನೆ, "ಪೆಟ್ಟಿಗೆಗೆ ಎಷ್ಟಾಗುತ್ತದೆ?" ಎರಡನೆಯದು, "ತಿಂಗಳಿಗೆ ಎಷ್ಟು ಸಿಗುತ್ತದೆ?" ಕೇಳುವುದರಲ್ಲಿ ತಪ್ಪೇನಿಲ್ಲ. ಕಾಲೇಜು ಫೀಸಿಗೆ, ಬಸ್ಸಿನ ಖರ್ಚಿಗೆ ಏನಾದರೂ ದಾರಿ ಇದೆಯೇ ಎಂದು ಹುಡುಕುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಆದರೆ ಅಂಥವರಿಗೆ ಸುಳ್ಳು ಆಸೆ ಹುಟ್ಟಿಸುವುದು ಅನ್ಯಾಯ. ಸಹಾಯಧನದಲ್ಲಿ ಬಂದ ಪೆಟ್ಟಿಗೆಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಖಾಲಿಯಾಗಿ, ಕೊಟ್ಟಿಗೆಯ ಮೂಲೆಯಲ್ಲಿ ಜೇಡನ ಮನೆಯಾಗಿರುವುದನ್ನು ನಮ್ಮ ಊರಿನಲ್ಲೇ ಕಂಡಿದ್ದೇನೆ. ಪೆಟ್ಟಿಗೆಯನ್ನು ಯಾರು ಬೇಕಾದರೂ ತರಬಹುದು. ಅದರೊಳಗೆ ಜೇನು ಉಳಿಯುವಂತೆ ನೋಡಿಕೊಳ್ಳುವುದು ಬೇರೆಯೇ ವಿದ್ಯೆ.

ಎರಡು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ನನ್ನ ಮಾಮನ ತೋಟದ ಜೇನುಪೆಟ್ಟಿಗೆಗಳ ಕೆಲಸದಲ್ಲಿ ಕೈಜೋಡಿಸುತ್ತಿದ್ದೇನೆ. ಅಲ್ಲಿ ಕಂಡದ್ದರಿಂದ ನನಗೆ ಎರಡು ವಿಷಯ ಖಚಿತವಾಗಿದೆ. ಹೊಸಬರು ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕು. ಅದಕ್ಕೆ ಮೊದಲು ಕಲಿಯಬೇಕಾದದ್ದನ್ನು ಕಲಿಯಲು ನಮ್ಮ ಕಾಲೇಜಿನಲ್ಲೇ ಒಂದು ಜಾಗ ಬೇಕು.

ಮೊದಲು ತಿಳಿಯಬೇಕಾದದ್ದು ಯಾವ ಜೇನು ಎಂಬುದು. ದೊಡ್ಡ ಮರ, ನೀರಿನ ಟ್ಯಾಂಕು, ಕಟ್ಟಡದ ಸಜ್ಜಾದ ಕೆಳಗೆ ಬಯಲಿನಲ್ಲಿ ಒಂದೇ ಎರಿ ಕಟ್ಟುವುದು ಹೆಜ್ಜೇನು. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನೂ ಹಾಗೆಯೇ. ಗೋಡೆಯ ಸಂದಿಯಲ್ಲಿ ಮೇಣದ ಕೊಳವೆಯಂಥ ಬಾಗಿಲು ಮಾಡಿಕೊಳ್ಳುವ ಮುಜಂಟಿ ಕುಟುಕುವುದಿಲ್ಲ, ಆದರೆ ಕೊಡುವ ಜೇನು ಬಹಳ ಕಡಿಮೆ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಪೆಟ್ಟಿಗೆಯಲ್ಲಿ ಸಾಕುವುದು ಹೆಚ್ಚಾಗಿ ತುಡುವೆಯನ್ನು. ಮರದ ಪೊಟರೆಯಲ್ಲಿ, ಹುತ್ತದಲ್ಲಿ ಕತ್ತಲೆಯೊಳಗೆ ಸಾಲಾಗಿ ಹಲವು ಎರಿ ಕಟ್ಟುವ ಸ್ವಭಾವ ಅದಕ್ಕಿರುವುದರಿಂದಲೇ ಅದು ಪೆಟ್ಟಿಗೆಗೆ ಒಗ್ಗುತ್ತದೆ. ಇದಕ್ಕೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ಕಳೆದ ಶತಮಾನದ ಆರಂಭದಲ್ಲಿ ರೂಪಿಸಿದವರು ತಿರುಚಿರಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್. ಇಂದಿಗೂ ಅದಕ್ಕೆ ನ್ಯೂಟನ್ ಪೆಟ್ಟಿಗೆ ಎಂದೇ ಹೆಸರು.

ಎರಡನೆಯದು ಹೂವಿನ ಲೆಕ್ಕ. ಪೆಟ್ಟಿಗೆ ಇಡುವ ಜಾಗದ ಸುತ್ತ ಯಾವ ತಿಂಗಳಲ್ಲಿ ಏನು ಹೂ ಬಿಡುತ್ತದೆ ಎಂದು ಒಂದು ವರ್ಷ ಬರೆದಿಟ್ಟು ನೋಡಿ. ತೆಂಗು ವರ್ಷವಿಡೀ ಹೂ ಬಿಡುತ್ತದೆ. ರಬ್ಬರ್ ತೋಟವಿದ್ದರೆ ಎಲೆ ಉದುರಿ ಹೊಸ ಚಿಗುರು ಬರುವ ಹೊತ್ತಿಗೆ, ಎಲೆಯ ತೊಟ್ಟಿನ ಬಳಿಯೇ ಸಿಹಿರಸ ಒಸರುತ್ತದೆ. ಹಾಗಾಗಿ ನಮ್ಮಲ್ಲಿ ಜನವರಿಯಿಂದ ಬೇಸಿಗೆಯವರೆಗೆ ಜೇನಿನ ಸುಗ್ಗಿ. ಜೂನ್ ಬಂದರೆ ಬರಗಾಲ. ಬಿಡದೆ ಸುರಿಯುವ ಮಳೆಯಲ್ಲಿ ನೊಣ ಹೊರಗೆ ಹೋಗಲಾರದು, ಹೋದರೂ ಹೂವಿನಲ್ಲಿ ಏನೂ ಉಳಿದಿರುವುದಿಲ್ಲ. ಆಗ ಸಕ್ಕರೆ ಪಾಕ ಕೊಡಬೇಕು, ಇರುವೆ ಹತ್ತದಂತೆ ಪೀಠದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಬೇಕು, ಮೇಣದ ಪತಂಗ ಹೊಕ್ಕಿದೆಯೇ ಎಂದು ನೋಡುತ್ತಿರಬೇಕು. ಬೇಸಿಗೆಯಲ್ಲಿ ಎರಿಯ ಜೇನನ್ನೆಲ್ಲ ಹಿಂಡಿಕೊಂಡು ಮಳೆಗಾಲದಲ್ಲಿ ತಿರುಗಿ ನೋಡದಿದ್ದರೆ ತುಡುವೆ ಸುಮ್ಮನೆ ಹಾರಿ ಹೋಗುತ್ತದೆ. ನಮ್ಮೂರಿನ ಖಾಲಿ ಪೆಟ್ಟಿಗೆಗಳ ಕಥೆ ಇಷ್ಟೇ.

ಮೂರನೆಯದು, ಪೆಟ್ಟಿಗೆ ತೆರೆದಾಗ ಏನು ನೋಡಬೇಕು ಎಂಬ ತಿಳಿವಳಿಕೆ. ಹೊಸಬರು ರಾಣಿಯನ್ನು ಹುಡುಕುತ್ತಾ ಚೌಕಟ್ಟುಗಳನ್ನೆಲ್ಲ ಎತ್ತಿ ಇಳಿಸಿ ನೊಣಗಳನ್ನು ರೇಗಿಸುತ್ತಾರೆ. ಮಾಮ ಹೇಳಿಕೊಟ್ಟದ್ದು, "ರಾಣಿಯನ್ನು ಹುಡುಕಬೇಡ, ಮೊಟ್ಟೆ ಹುಡುಕು." ಮೊಟ್ಟೆ ಮೂರು ದಿನದಲ್ಲಿ ಒಡೆದು ಮರಿಯಾಗುತ್ತದೆ. ಎರಿಯ ಕಣ್ಣಿನ ತಳದಲ್ಲಿ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ ಕಂಡರೆ ಮೂರು ದಿನದ ಹಿಂದಿನವರೆಗಾದರೂ ರಾಣಿ ಇದ್ದಳು ಎಂದರ್ಥ. ಅಷ್ಟು ಸಾಕು, ಮುಚ್ಚಳ ಹಾಕಬಹುದು.

ಶುರುಮಾಡುವವರು ಒಂದಲ್ಲ, ಎರಡು ಪೆಟ್ಟಿಗೆ ಇಡಬೇಕು ಎನ್ನುವುದೂ ಇದೇ ಕಾರಣಕ್ಕೆ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯಿರುವ ಒಂದು ಚೌಕಟ್ಟು ತೆಗೆದು ಕೊಟ್ಟರೆ ಸಾಕು, ಕೆಲಸಗಾರ ನೊಣಗಳೇ ಅದರಿಂದ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಒಂದೇ ಪೆಟ್ಟಿಗೆ ಇರುವವನಿಗೆ ಆ ದಾರಿ ಇಲ್ಲ.

ಇನ್ನು ದುಡ್ಡಿನ ಪ್ರಶ್ನೆಗೆ ನೇರ ಉತ್ತರ. ತುಡುವೆಯ ಒಂದು ಪೆಟ್ಟಿಗೆಯಿಂದ ಒಳ್ಳೆಯ ವರ್ಷದಲ್ಲಿ ಐದರಿಂದ ಹತ್ತು ಕಿಲೋ ಜೇನು ಸಿಗಬಹುದು. ಅದು ವರ್ಷದ ಲೆಕ್ಕ, ತಿಂಗಳದ್ದಲ್ಲ. ಕೆಟ್ಟ ವರ್ಷದಲ್ಲಿ ಏನೂ ಸಿಗದಿರಬಹುದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶ ಮಾಡಿತು. ಮರಿಗಳು ನೀರು ತುಂಬಿದ ಚೀಲದಂತಾಗಿ ಸಾಯುವ ಆ ರೋಗಕ್ಕೆ ಇಂದಿಗೂ ಖಚಿತ ಔಷಧವಿಲ್ಲ. ಎರಡು ಪೆಟ್ಟಿಗೆಯವನಿಗೆ ಜೇನು ಆದಾಯವಲ್ಲ. ಎರಡನ್ನು ನಾಲ್ಕು ವರ್ಷ ಉಳಿಸಿಕೊಂಡವನು ಇಪ್ಪತ್ತಕ್ಕೆ ಏರಿಸಿದಾಗ ಅದು ಆದಾಯವಾದೀತು. ಆದ್ದರಿಂದಲೇ ಸಾಲ ಮಾಡಿ ಹತ್ತು ಪೆಟ್ಟಿಗೆಯಿಂದ ಆರಂಭಿಸಬೇಡಿ ಎಂದು ನನ್ನ ಗೆಳೆಯರಿಗೆ ಹೇಳುತ್ತೇನೆ.

ಹಾಗಾದರೆ ಕಲಿಯುವುದು ಎಲ್ಲಿ? ಕೊಡಗಿನ ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ತರಬೇತಿ ಕೇಂದ್ರವಿದೆ. ಆದರೆ ಕೆಲವು ದಿನಗಳ ತರಬೇತಿಯಲ್ಲಿ ಒಂದು ಮಳೆಗಾಲವನ್ನು ನೋಡಲು ಸಾಧ್ಯವಿಲ್ಲ. ಎಲ್ಲರಿಗೂ ಜೇನು ಸಾಕುವ ಮಾಮನೂ ಇರುವುದಿಲ್ಲ. ಅದಕ್ಕಾಗಿ ನಮ್ಮ ಪ್ರಾಂಶುಪಾಲರಲ್ಲಿ ಮತ್ತು ಜೀವಶಾಸ್ತ್ರ ವಿಭಾಗದಲ್ಲಿ ನನ್ನ ಕೋರಿಕೆ: ಕಾಲೇಜಿನ ಹಿಂಭಾಗದ ತೆಂಗಿನ ಮರಗಳ ಕೆಳಗೆ ಎರಡು ತುಡುವೆ ಪೆಟ್ಟಿಗೆ ಇಡೋಣ.

ಆಕ್ಷೇಪಗಳು ಬರುತ್ತವೆ, ಬರಲೇಬೇಕು. ಮೊದಲನೆಯದು ಕುಟುಕಿನ ಭಯ. ಅಟ್ಟಿಸಿಕೊಂಡು ಬರುವ ಹೆಜ್ಜೇನಿಗೆ ಹೋಲಿಸಿದರೆ ತುಡುವೆ ಸಾಧು. ಆದರೂ ಕುಟುಕುತ್ತದೆ. ಬಾಗಿಲು ನಡೆದಾಡುವ ದಾರಿಗೆ ಬೆನ್ನು ಹಾಕಿರಬೇಕು, ಸುತ್ತ ಬೇಲಿ ಇರಬೇಕು, ಮನೆಯವರ ಒಪ್ಪಿಗೆ ಪತ್ರ ತಂದವರು ಮಾತ್ರ ಒಳಗೆ ಹೋಗಬೇಕು, ಮುಖಕ್ಕೆ ಬಲೆ ಇರಬೇಕು. ಕುಟುಕಿದರೆ ಮುಳ್ಳನ್ನು ಚಿವುಟದೆ ಉಗುರಿನಿಂದ ಕೆರೆದು ತೆಗೆಯಬೇಕು. ಉಸಿರುಗಟ್ಟಿದರೆ, ಮುಖ, ತುಟಿ ಊದಿಕೊಂಡರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಲರ್ಜಿ ಇರುವವರು ಬೇಲಿಯೊಳಗೆ ಬರಲೇಬಾರದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಜೇನಿನ ಸುಗ್ಗಿಯೂ ನಮ್ಮ ಪರೀಕ್ಷೆಯೂ ಒಂದೇ ಹೊತ್ತಿಗೆ ಬರುತ್ತವೆ, ಮೇಲಾಗಿ ನಾವು ಇಲ್ಲಿರುವುದು ಎರಡೇ ವರ್ಷ. ಇದಕ್ಕೆ ಉತ್ತರ, ಕೆಲಸ ಒಬ್ಬರದ್ದಾಗಬಾರದು. ಜೂನಿನಲ್ಲಿ ಪಾಕ ಕೊಡುವ ಕೆಲಸಕ್ಕೆ ಪ್ರಥಮ ಪಿಯುಸಿಯವರು ಸೇರಲಿ, ಡಿಸೆಂಬರಿನೊಳಗೆ ದ್ವಿತೀಯ ಪಿಯುಸಿಯವರು ಅವರಿಗೆ ಎಲ್ಲ ಕಲಿಸಿ ಬಿಟ್ಟುಕೊಡಲಿ. ಒಬ್ಬ ಉಪನ್ಯಾಸಕರು ಹೊಣೆ ಹೊತ್ತು, ಬೇಸಿಗೆ ರಜೆಯಲ್ಲಿ ಕಾಲೇಜಿನ ಹತ್ತಿರವೇ ಮನೆಯಿರುವವರ ಪಾಳಿ ಹಾಕಲಿ. ಪ್ರತಿ ಸಲ ತೆರೆದಾಗ ಕಂಡದ್ದನ್ನು ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಲಿ. ವಾರಕ್ಕೊಮ್ಮೆ ಕಾಲು ಗಂಟೆಯ ಕೆಲಸ. ಐದು ವರ್ಷದ ಬಳಿಕ ಆ ಪುಸ್ತಕ ನಮ್ಮ ಊರಿನ ಹೂವು, ಮಳೆ, ಜೇನಿನ ದಾಖಲೆಯಾಗುತ್ತದೆ.

ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರು ಅನ್ನಹ್ಲ್, ಅಂದರೆ ಜೇನುನೊಣ. ಮದ್ರಸದಲ್ಲಿ ಅದನ್ನು ಓದಿದವರು ನಮ್ಮಲ್ಲಿ ನೂರಾರು ಮಂದಿ. ಅವರಲ್ಲಿ ಎಷ್ಟು ಮಂದಿ ಒಂದು ಎರಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೇವೆ? ಯಾವ ಧರ್ಮದ ವಿದ್ಯಾರ್ಥಿಯೇ ಆಗಲಿ, ಪೆಟ್ಟಿಗೆಯೊಳಗಿನ ಜೀವ ಒಂದು ಅಮಾನತ್ತು ಎಂದು ಮೊದಲು ಅರಿಯಲಿ. ಮನೆಯಲ್ಲಿ ಪೆಟ್ಟಿಗೆ ಇಡಬೇಕೇ ಬೇಡವೇ ಎಂದು ಆಮೇಲೆ ತೀರ್ಮಾನಿಸಲಿ. ಈ ಕೆಲಸಕ್ಕೆ ಸೇರಲು ಮನಸ್ಸಿರುವವರು ಜೀವಶಾಸ್ತ್ರ ವಿಭಾಗದಲ್ಲಿ ಹೆಸರು ಕೊಡಿ. ಹತ್ತು ಹೆಸರು ಸೇರಿದ ದಿನ ಕೋರಿಕೆ ಪತ್ರ ಹಿಡಿದು ಪ್ರಾಂಶುಪಾಲರ ಕೊಠಡಿಗೆ ಒಟ್ಟಿಗೆ ಹೋಗೋಣ.