ಕಾಲಿಗೂ ಒಂದು ಕಾಲ

ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರುಗಳ ದಾರಿ. ಆ ನಗರದ ಹೆಸರಾಂತ ಕಾಲ್ಚೆಂಡಿನ ತಂಡಗಳಲ್ಲಿ ಹಲವು ಇಂದಿಗೂ ‘ತಾಲೀಮು’ ಎಂಬ ಹೆಸರನ್ನೇ ಹೊತ್ತಿವೆ. ತಾಲೀಮೆಂದರೆ ಕುಸ್ತಿಯ ಗರಡಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯನ್ನು ಕಂಡವರಿಗೆ ಒಂದು ಸಂಗತಿ ಹೊಸದಲ್ಲ: ಹರೆಯದ ಪೈಲವಾನನು ನೆಚ್ಚುವುದು ಮೈಯ ಕಸುವನ್ನು, ತಲೆ ನರೆತ ವಸ್ತಾದನು ನೆಚ್ಚುವುದು ಪಟ್ಟುಗಳನ್ನು. ಕಾಲ್ಚೆಂಡಿನಾಟದಲ್ಲಿ ಕಸುವಿನ ಸ್ಥಾನವನ್ನು ವೇಗವು ಪಡೆದಿದೆ. ವೇಗ, ಕೌಶಲ ಇವೆರಡರಲ್ಲಿ ವಯಸ್ಸು ಮೊದಲು ಕಸಿದುಕೊಳ್ಳುವುದು ಯಾವುದನ್ನು?

ಶರೀರಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ಮಾಂಸಖಂಡಗಳಲ್ಲಿ ಥಟ್ಟನೆ ಬಿಗಿಯುವ ಎಳೆಗಳು, ನಿಧಾನವಾಗಿ ಬಹುಹೊತ್ತು ದುಡಿಯುವ ಎಳೆಗಳು ಎಂದು ಎರಡು ಬಗೆ. ಮಿಂಚಿನ ಓಟಕ್ಕೆ ಮೊದಲನೆಯವೇ ಆಧಾರ. ವಯಸ್ಸಾದಂತೆ ಹೆಚ್ಚಾಗಿ ಸೊರಗುವವೂ ಅವೇ. ಆದುದರಿಂದ 30 ದಾಟಿದ ಆಟಗಾರನು 90 ನಿಮಿಷ ಓಡಾಡಬಲ್ಲನಾದರೂ, ಎದುರಾಳಿಯನ್ನು ಹಿಂದಿಕ್ಕುವ ಮೊದಲ ನಾಲ್ಕು ಹೆಜ್ಜೆಗಳ ಚುರುಕನ್ನು ಕಳೆದುಕೊಳ್ಳುತ್ತಾನೆ. ಚೆಂಡನ್ನು ಪಾದದಲ್ಲಿ ತಡೆಯುವ ಹದ, ಅದು ಎಲ್ಲಿ ಬೀಳುವುದೆಂಬ ಅಂದಾಜು, ಇವು ಅಭ್ಯಾಸದಿಂದ ಮಿದುಳಿನಲ್ಲಿ ನೆಲೆಗೊಂಡ ವಿದ್ಯೆಗಳು. ಅವು ಅಷ್ಟು ಬೇಗ ಅಳಿಯುವುದಿಲ್ಲ.

ಇಂಗ್ಲೆಂಡಿನ ಮೈಕೆಲ್ ಓವೆನ್ 1998ರ ವಿಶ್ವಕಪ್ಪಿನಲ್ಲಿ, 18ರ ಹರೆಯದಲ್ಲಿ, ಅರ್ಜೆಂಟೀನಾದ ರಕ್ಷಕರನ್ನು ಹಿಂದೆ ಹಾಕಿ ಗೋಲು ಹೊಡೆದುದು ಓಟದ ಬಲದಿಂದ. ಮರುವರ್ಷವೇ ತೊಡೆಯ ಹಿಂಬದಿಯ ಸ್ನಾಯು ಹರಿಯಿತು. 2001ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರರೆಂಬ ಪ್ರಶಸ್ತಿ ದೊರೆತರೂ, ಹಳೆಯ ವೇಗ ಪೂರ್ಣವಾಗಿ ಮರಳಲಿಲ್ಲ. ಕೊನೆಯ ವರ್ಷಗಳಲ್ಲಿ ಜೋರಾಗಿ ಓಡಲು ತಾವು ಅಂಜುತ್ತಿದ್ದುದನ್ನು ಅವರೇ ಮುಂದೆ ಒಪ್ಪಿಕೊಂಡರು. 2013ರಲ್ಲಿ, 33ನೆಯ ವಯಸ್ಸಿನಲ್ಲಿ ಆಟದಿಂದ ನಿವೃತ್ತರಾದರು. ಪೆಟ್ಟು ಅವರಿಗೆ ಒಮ್ಮೆಲೇ ಮಾಡಿದುದನ್ನು ವಯಸ್ಸು ಎಲ್ಲರಿಗೂ ಮೆಲ್ಲಮೆಲ್ಲನೆ ಮಾಡುತ್ತದೆ.

ಹಾಗೆಂದು ವೇಗಶಾಲಿಗೆ ಬೇರೆ ದಾರಿಯೇ ಇಲ್ಲವೆಂದಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ರಯಾನ್ ಗಿಗ್ಸ್ ತಾರುಣ್ಯದಲ್ಲಿ ಮೈದಾನದ ಅಂಚಿನಗುಂಟ ಗಾಳಿಯಂತೆ ಓಡುತ್ತಿದ್ದವರು. ಓಟ ಇಳಿದಂತೆ ಅವರು ನಡುಮೈದಾನಕ್ಕೆ ಸರಿದು, ಚೆಂಡನ್ನು ಹಂಚುವ ಕೆಲಸವನ್ನು ಕೈಗೊಂಡರು, ಯೋಗಾಸನಗಳನ್ನೂ ಅಭ್ಯಸಿಸಿದರು. 2014ರಲ್ಲಿ ನಿವೃತ್ತರಾದಾಗ ಅವರಿಗೆ 40 ವರ್ಷ. ನಮ್ಮ ಬೆಂಗಳೂರು ತಂಡದ ಸುನೀಲ್ ಛೇತ್ರಿಯವರಾದರೋ, 40 ತುಂಬಿದ ಮೇಲೆ, 2024ರ ಡಿಸೆಂಬರಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಕೇರಳದ ತಂಡದ ಮೇಲೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಚೆಂಡು ಬರುವ ತಾಣಕ್ಕೆ ಮೊದಲೇ ತಲುಪಿ ನಿಲ್ಲಬಲ್ಲವನಿಗೆ ಓಡುವ ಅಗತ್ಯ ಕಡಿಮೆ.

ಈ ಮಾತು ತಾರೆಗಳಿಗಿಂತ ಹೆಚ್ಚಾಗಿ ಮಕ್ಕಳಿಗೆ ಅನ್ವಯಿಸುತ್ತದೆ. ಶಾಲೆಯ ಮೈದಾನದಲ್ಲಿ 13 ವರ್ಷದ ವೇಗದ ಹುಡುಗನು ಚೆಂಡನ್ನು ಮುಂದಕ್ಕೆ ಒದ್ದು, ಎಲ್ಲರಿಗಿಂತ ಮೊದಲು ಹೋಗಿ ಮುಟ್ಟುತ್ತಾನೆ. ಗೋಲಾಗುತ್ತದೆ, ಚಪ್ಪಾಳೆ ಬೀಳುತ್ತದೆ, ಬೇರೇನನ್ನೂ ಕಲಿಯುವ ಪ್ರಮೇಯವೇ ಅವನಿಗೆ ಬರುವುದಿಲ್ಲ. ನಿಧಾನದ ಹುಡುಗನಾದರೋ ಉಳಿಯಬೇಕಾದರೆ ಕಲಿಯಲೇಬೇಕು. ವೇಗದ ನಿಜವಾದ ಅಪಾಯ ಇಲ್ಲಿದೆ: ಅದು ಹೋಗುವ ದಿನದವರೆಗೂ ಕೊರತೆಯನ್ನು ಮುಚ್ಚಿಡುತ್ತದೆ. ಅಂಥ ಹುಡುಗನನ್ನು ಓಡಲು ಎಡೆಯಿಲ್ಲದ ಇಕ್ಕಟ್ಟಿನ ಜಾಗದಲ್ಲಿ ಆಡಿಸಬೇಕು, ಎಡಗಾಲನ್ನೂ ಪಳಗಿಸಬೇಕು, ಚೆಂಡು ಬರುವ ಮುನ್ನ ತಲೆಯೆತ್ತಿ ಸುತ್ತ ನೋಡುವುದನ್ನು ರೂಢಿಸಬೇಕು. ಗೆದ್ದು ಬಂದ ಮಗನಿಗೆ ತಂದೆಯೂ ಗುರುವೂ ಶಹಬಾಸ್ ಹೇಳಲಿ. ಮರುದಿನ ಅಭ್ಯಾಸಕ್ಕೂ ಕಳುಹಿಸಲಿ.

ಕೃಷ್ಣೆಯ ದಡದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದ ಮಹಾಪೂರವನ್ನು ಕಂಡು ಬಾವಿ ತೋಡುವುದನ್ನು ಅವನು ಎಂದೂ ಬಿಟ್ಟವನಲ್ಲ.