ಅನಾಥ ಶಿಶುವೂ ಮಿದುಳಿನ ಬೆಳವಣಿಗೆಯೂ

ತಾಯಿಯ ಮಡಿಲು ದೊರೆಯದ ಶಿಶುವಿಗೆ ಹಾಲು, ಹಾಸಿಗೆ, ಔಷಧಗಳನ್ನು ಒದಗಿಸಿದರೆ ಸಮಾಜದ ಕರ್ತವ್ಯವು ತೀರಿತೆಂದು ಭಾವಿಸುವವರು ನಮ್ಮಲ್ಲಿ ಬಹು ಮಂದಿ ಇದ್ದಾರೆ. ಈ ಭಾವನೆಯು ಎಷ್ಟು ತಪ್ಪೆಂಬುದನ್ನು ರುಮೇನಿಯಾ ದೇಶದ ರಾಜಧಾನಿಯಾದ ಬುಕಾರೆಸ್ಟಿನಲ್ಲಿ ನಡೆದ ಸಂಶೋಧನೆಯೊಂದು ತೋರಿಸಿಕೊಟ್ಟಿದೆ.

ಅಲ್ಲಿಯ ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿ ಜನಸಂಖ್ಯೆಯನ್ನು ಹೆಚ್ಚಿಸಹೊರಟನು. ಸಾಕಲಾರದ ಬಡವರ ಮಕ್ಕಳು ಸರಕಾರದ ಶಿಶುಗೃಹಗಳನ್ನು ಸೇರಿದರು. 1989ರಲ್ಲಿ ಆ ಪ್ರಭುತ್ವವು ಉರುಳಿದಾಗ ಇಂತಹ ಮಕ್ಕಳ ಸಂಖ್ಯೆಯು ಲಕ್ಷವನ್ನು ಮೀರಿತ್ತು. ಸಾಲುಸಾಲು ತೊಟ್ಟಿಲುಗಳು, ಪಾಳಿಯ ಮೇಲೆ ಬಂದುಹೋಗುವ ದಾದಿಯರು, ಒಬ್ಬಳ ಪಾಲಿಗೆ ಹತ್ತಕ್ಕೂ ಮಿಕ್ಕ ಮಕ್ಕಳು. ಅತ್ತರೂ ಯಾರೂ ಬಾರರೆಂದರಿತ ಕೂಸು ಅಳುವುದನ್ನೇ ಬಿಡುತ್ತಿತ್ತು.

ಅಮೆರಿಕದ ವಿದ್ವಾಂಸರಾದ ಚಾರ್ಲ್ಸ್ ನೆಲ್ಸನ್, ಚಾರ್ಲ್ಸ್ ಝೀನಾ, ನೇಥನ್ ಫಾಕ್ಸ್ ಎಂಬ ಮೂವರು 2000ದಲ್ಲಿ ಇಲ್ಲಿ ಕಾರ್ಯಾರಂಭಮಾಡಿದರು. ಶಿಶುಗೃಹಗಳಲ್ಲಿದ್ದ 136 ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಪಾಲುಮಾಡಿ, 68 ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಒಪ್ಪಿಸಿದರು. ಉಳಿದವರು ಇದ್ದಲ್ಲಿಯೇ ಇದ್ದರು. ಮೂರೂವರೆ ವರ್ಷದ ಪ್ರಾಯಕ್ಕೆ ಪರೀಕ್ಷಿಸಿದಾಗ, ತನ್ನನ್ನು ಸಾಕುವವರಲ್ಲಿ ನೆಮ್ಮದಿಯ ನಂಟು ಬೆಳೆಸಿಕೊಂಡವರು ಶಿಶುಗೃಹದ ಪಾಲಿನಲ್ಲಿ ನೂರಕ್ಕೆ ಸುಮಾರು 18, ಕುಟುಂಬ ಸೇರಿದವರಲ್ಲಿ ಸುಮಾರು 49. ಮಿದುಳಿನ ವಿದ್ಯುತ್ ಚಲನವನ್ನಳೆದಾಗಲೂ ಅದೇ ಕಥೆ: ಎರಡು ವರ್ಷ ತುಂಬುವ ಮುನ್ನ ಮನೆ ಸೇರಿದವರ ಮಿದುಳು ಎಂಟನೆಯ ವಯಸ್ಸಿಗೆ ಸಾಮಾನ್ಯ ಮಕ್ಕಳಂತೆಯೇ ವರ್ತಿಸುತ್ತಿತ್ತು; ತಡವಾಗಿ ಸೇರಿದವರದು ಹಾಗಾಗಲಿಲ್ಲ. ಎಲ್ಲವೂ ಸರಿಹೋಯಿತೆಂದಲ್ಲ. ಅಂಜಿಕೆ, ಮಂಕುತನಗಳು ತಗ್ಗಿದರೂ ಚಿತ್ತಚಾಂಚಲ್ಯದ ದೋಷವು ಕುಟುಂಬದಲ್ಲಿಯೂ ಉಳಿಯಿತು.

ಇದನ್ನರಿಯಲು ಯಂತ್ರಗಳು ಬೇಕಾಗಿದ್ದವೇ, ನಮ್ಮ ಅಜ್ಜಿಯರು ಬಲ್ಲ ಸಂಗತಿಯಲ್ಲವೇ ಎಂದು ಕೆಲವರು ನಗಬಹುದು. ಅಜ್ಜಿಯರು ಬಲ್ಲರು, ನಿಜ. ಆದರೆ ಅವರ ಅರಿವು ಅನಾಥಾಲಯದ ಬಾಗಿಲನ್ನು ದಾಟಿ ಒಳಗೆ ಹೋಗಲಿಲ್ಲ.

ಉಳಿದ 68 ಮಕ್ಕಳು ಮಾಡಿದ ಪಾಪವೇನೆಂಬ ಪ್ರಶ್ನೆಯು ನಮ್ಮನ್ನೂ ಚುಚ್ಚಿತು. ಆಗ ಆ ನಗರದಲ್ಲಿ ಪೋಷಕ ಕುಟುಂಬಗಳು ಇಲ್ಲವೆನ್ನುವಷ್ಟು ವಿರಳವಾಗಿದ್ದವು. ಇವರೇ ಅವನ್ನು ಏರ್ಪಡಿಸಿದರು. ಯಾವ ಮಗುವಿಗಾದರೂ ಮನೆ ದೊರೆತರೆ ಅದನ್ನು ತಡೆಯಲಿಲ್ಲ. ಈ ಸಮಾಧಾನವು ನಮಗೆ ಪೂರ್ಣವೆನಿಸದು, ಅಲ್ಲಗಳೆಯಲೂ ಆಗದು. ಅಷ್ಟು ಬೆಲೆತೆತ್ತು ದೊರೆತ ತಿಳಿವನ್ನು ಕಡತದಲ್ಲಿ ಮುಚ್ಚಿಡುವುದಂತೂ ಆ ಮಕ್ಕಳಿಗೆ ಎಸಗುವ ಎರಡನೆಯ ಅನ್ಯಾಯವು. ರುಮೇನಿಯಾವು 2004ರ ಕಾಯಿದೆಯಿಂದ, ತೀವ್ರ ಅಂಗವೈಕಲ್ಯವುಳ್ಳವರ ಹೊರತು, ಎರಡು ವರ್ಷದೊಳಗಿನ ಶಿಶುಗಳನ್ನು ಇಂತಹ ಗೃಹಗಳಿಗೆ ಸೇರಿಸುವುದನ್ನು ನಿಷೇಧಿಸಿತು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೂ ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯವೆಂದು ಸಾರಿ, ಪೋಷಕ ಕುಟುಂಬಕ್ಕೆ ಎಡೆಮಾಡಿದೆ. ಆದರೆ ಎರಡು ವರ್ಷವೆಂಬ ಗಡುವು ಅಧಿಕಾರಿಗಳ ಟಿಪ್ಪಣಿಗಾಗಿ ಕಾಯುವುದಿಲ್ಲ. ಕರ್ನಾಟಕದ ಶಿಶುಗೃಹಗಳಲ್ಲಿ ಎರಡು ವರ್ಷದೊಳಗಿನ ಮಕ್ಕಳೆಷ್ಟು, ಪ್ರತಿಯೊಬ್ಬರೂ ಅಲ್ಲಿ ಕಳೆದ ತಿಂಗಳುಗಳೆಷ್ಟು, ಒಬ್ಬ ದಾದಿಯ ಕೈಯಲ್ಲಿರುವ ಕೂಸುಗಳೆಷ್ಟು ಎಂಬುದನ್ನು ಸರಕಾರವು ಮಕ್ಕಳ ಹೆಸರೆತ್ತದೆ ಜಿಲ್ಲಾವಾರಾಗಿ ಪ್ರತಿ ತಿಂಗಳೂ ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ.